ಸಾವಿರ ಕಡ್ಡಿಯ ಲೆಕ್ಕ

ನುರಿತ ಕೈ ದಿನಕ್ಕೆ ನಾಲ್ಕೈದು ಸಾವಿರ ಊದಿನಕಡ್ಡಿ ಹೊಸೆಯುತ್ತದೆ. ಐದು ಸಾವಿರ ಎಂದರೆ, ಎಂಟು ಗಂಟೆ ಮೇಲೇಳದೆ ಕೂತರೂ ಒಂದು ಕಡ್ಡಿಗೆ ಆರು ಸೆಕೆಂಡು ಸಿಗುವುದಿಲ್ಲ. ಅಷ್ಟರೊಳಗೆ ಒಂದು ಕೈ ಬಿದಿರು ಕಡ್ಡಿ ಎತ್ತಿ ಮಣೆಯ ಮೇಲಿಡಬೇಕು, ಇನ್ನೊಂದು ಕೈ ಕಪ್ಪು ಹಿಟ್ಟಿನ ಮುದ್ದೆಯಿಂದ ಚೂರು ಕೀಳಬೇಕು, ಅಂಗೈ ಒಮ್ಮೆ ಮುಂದಕ್ಕೆ ಜಾರಿ ಹಿಂದಕ್ಕೆ ಬರಬೇಕು. ಹಿಡಿಯುವಷ್ಟು ಜಾಗ ಬಿಟ್ಟು ತುದಿಯವರೆಗೆ ಹಿಟ್ಟು ಒಂದೇ ದಪ್ಪಕ್ಕೆ ಕೂರಬೇಕು. ಗಂಟಾದರೆ, ಬಾಗಿದರೆ, ಒಣಗಿದ ಮೇಲೆ ಬಿರುಕು ಬಿಟ್ಟರೆ ಆ ಕಡ್ಡಿ ಲೆಕ್ಕಕ್ಕೆ ಬರುವುದಿಲ್ಲ.

ಮೈಸೂರಿನ ನರಸಿಂಹರಾಜ ಕ್ಷೇತ್ರದ ಓಣಿಗಳಲ್ಲಿ, ಊರಂಚಿನ ಬಡಾವಣೆಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಈ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಮಾಡುವವರು ಹೆಚ್ಚೂಕಡಿಮೆ ಎಲ್ಲರೂ ಹೆಂಗಸರೇ. ಗುತ್ತಿಗೆದಾರನ ಕಡೆಯಿಂದ ಕಡ್ಡಿಯ ಕಟ್ಟು, ಇದ್ದಿಲ ಪುಡಿ, ಜಿಗಟು ಮನೆಗೆ ಬರುತ್ತವೆ. ಜಿಗಟು ಎಂದರೆ ಗುಲಮಾವು ಮರದ ತೊಗಟೆಯ ಪುಡಿ. ನೀರು ಬಿದ್ದರೆ ಅಂಟಾಗುತ್ತದೆ. ಇದ್ದಿಲನ್ನು ಕಡ್ಡಿಗೆ ಹಿಡಿದು ನಿಲ್ಲಿಸುವುದು ಅದೇ. ಮಣೆ ಇರುವುದು ಅಡುಗೆಮನೆಯ ಬಾಗಿಲಲ್ಲಿ. ಕುಕ್ಕರಿನ ಸೀಟಿ ಎಣಿಸುತ್ತಲೇ ಕೈ ಓಡುತ್ತದೆ. ಶಾಲೆಯಿಂದ ಬಂದ ಮಗು ಒಣಗಿದ ಕಡ್ಡಿ ಎಣಿಸಿ ಕಟ್ಟು ಕಟ್ಟಿಕೊಡುತ್ತದೆ. ಆ ಮಗುವಿನ ದುಡಿಮೆಯೂ ಸಾವಿರದ ದರದೊಳಗೇ ಕರಗಿಹೋಗುತ್ತದೆ. ಜಡಿಮಳೆ ಹಿಡಿದುಕೊಂಡರೆ ಕಡ್ಡಿ ಒಣಗುವುದಿಲ್ಲ, ಒಣಗದ ಕಡ್ಡಿಗೆ ಕೂಲಿ ಇಲ್ಲ. ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂಬ ಮಾತೇ ಇಲ್ಲಿಲ್ಲ. ಸಾವಿರಕ್ಕಿಷ್ಟು.

ಈ ಕರಿ ಕಡ್ಡಿಗೆ ಪರಿಮಳ ಸೇರುವುದು ಆಮೇಲೆ, ಕಾರ್ಖಾನೆಯಲ್ಲಿ. ಹೆಸರು, ಬಣ್ಣದ ಪೊಟ್ಟಣ, ಬೆಲೆ, ಶೇ 5ರ ಜಿಎಸ್‌ಟಿ ಎಲ್ಲ ಅಲ್ಲಿಂದ ಮುಂದಕ್ಕೆ. ಎನ್. ರಂಗರಾವ್ ಅವರು 1948ರಲ್ಲಿ ಮೈಸೂರಿನಲ್ಲಿ ಕಟ್ಟಿದ ಉದ್ಯಮದ ಸೈಕಲ್ ಬ್ರ್ಯಾಂಡ್ ಇಂದು ಹತ್ತಾರು ದೇಶಗಳ ಅಂಗಡಿಗಳಲ್ಲಿದೆ. ‘ಮೈಸೂರು ಅಗರಬತ್ತಿ’ಗೆ 2005-06ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. ಬೇರೆ ಕಡೆಯವರು ಈ ಊರಿನ ಹೆಸರನ್ನು ಕದಿಯದಂತೆ ಕಾನೂನು ಕಾವಲಿಗೆ ನಿಂತಿತು. ಊರಿನ ಹೆಸರು ಭದ್ರವಾಯಿತು, ಹೊಸೆದವಳ ಹೆಸರು ಮಾತ್ರ ಯಾವ ಹಾಜರಿ ಪುಸ್ತಕಕ್ಕೂ ಏರಲಿಲ್ಲ. ಇದು ಯಾವುದೋ ಒಂದು ಕಂಪನಿಯ ಮೇಲಿನ ದೂರಲ್ಲ. ಇಡೀ ಉದ್ಯಮ ಬೆಳೆದುಬಂದ ಬಗೆಯೇ ಹಾಗೆ. ಸುಗಂಧದಲ್ಲಿ ಅದ್ದಿ ಪೊಟ್ಟಣ ಕಟ್ಟುವವರು ಕಾರ್ಖಾನೆಯ ಸೂರಿನಡಿ ಇರುವುದರಿಂದ ಕಾರ್ಮಿಕರು. ಅವರಿಗೆ ಪಿಎಫ್, ಇಎಸ್‌ಐ ಎಂದು ಕೇಳುವ ಹಕ್ಕಾದರೂ ಇದೆ. ಅದೇ ಕಡ್ಡಿಯನ್ನು ಮನೆಯಲ್ಲಿ ಹೊಸೆದವಳು ‘ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಮಾಡಿಕೊಳ್ಳುವ ಗೃಹಿಣಿ’. ಎಂಟು ಗಂಟೆಯ ಬಿಡುವು!

ಜಾಗತಿಕ ಮಾರುಕಟ್ಟೆ, ಕಾರ್ಮಿಕರ ಭದ್ರತೆ ಎಂದ ಕೂಡಲೇ ಚರ್ಚೆ ಐಟಿ ಕಂಪನಿಗಳ ಗೇಟಿಗೆ ಓಡುತ್ತದೆ. ಮೈಸೂರಿನಲ್ಲಿ ಆ ಗೇಟುಗಳೂ ಇವೆ, ಅಲ್ಲಿನ ಆತಂಕವೂ ನಿಜ. ಆದರೆ ಪ್ರಪಂಚದ ವ್ಯಾಪಾರದ ಏರಿಳಿತವನ್ನು ಬರಿಗೈಯಲ್ಲಿ ಎದುರಿಸುತ್ತಿರುವವರು ಮಣೆಯ ಮುಂದೆ ಕೂತವರು. ಕೆಲಸ ಮನೆಯಲ್ಲಿ ನಡೆಯಲಿ, ನಡುವೆ ಮೂವರು ಗುತ್ತಿಗೆದಾರರಿರಲಿ, ಹೊಸೆದ ಪ್ರತಿ ಸಾವಿರ ಕಡ್ಡಿಯ ಜೊತೆಗೆ ಆಕೆಯ ಕಾಯಿಲೆಗೆ, ಮುಪ್ಪಿಗೆ, ಕೆಲಸವಿಲ್ಲದ ತಿಂಗಳಿಗೆ ಒಂದು ಪಾಲು ಆಕೆಯ ಹೆಸರಿಗೇ ಜಮಾ ಆಗಬೇಕು. ಕರ್ನಾಟಕಕ್ಕೆ ಇದು ಹೊಸ ಯೋಚನೆಯಲ್ಲ. ಮೈಸೂರಿಗಂತೂ ಅಲ್ಲವೇ ಅಲ್ಲ.

ಅದಕ್ಕೆ ಬರುವ ಮೊದಲು ಆ ಏರಿಳಿತದ ಕಥೆ. ಹೊರಜಗತ್ತು ಈ ಓಣಿಗೆ ಕಾಲಿಟ್ಟಿದ್ದು ಬಿದಿರು ಕಡ್ಡಿಯ ರೂಪದಲ್ಲಿ. ಯಂತ್ರದಲ್ಲಿ ದುಂಡಗೆ ಸೀಳಿದ, ಒಂದೇ ಅಳತೆಯ ಕಡ್ಡಿ ಚೀನಾ ಮತ್ತು ವಿಯೆಟ್ನಾಂನಿಂದ ಬರತೊಡಗಿತು. 2010ರಲ್ಲಿ ಆಸಿಯಾನ್ ದೇಶಗಳ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. 2011ರಲ್ಲಿ ಆಮದು ಸುಂಕ ಶೇ 30ರಿಂದ ಶೇ 10ಕ್ಕೆ ಇಳಿಯಿತು. ಕಡ್ಡಿಯ ಹಿಂದೆಯೇ ಹೊಸೆದು ಒಣಗಿಸಿದ ಕಚ್ಚಾ ಬತ್ತಿಯೂ ಕಂಟೇನರಿನಲ್ಲಿ ಬಂದಿಳಿಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೊಟ್ಟ ಲೆಕ್ಕದಂತೆ 2009ರಲ್ಲಿ 31 ಕೋಟಿ ರೂಪಾಯಿಯಷ್ಟಿದ್ದ ಈ ಆಮದು ಹತ್ತು ವರ್ಷದಲ್ಲಿ 546 ಕೋಟಿಗೆ ಏರಿತು. ದೇಶದ ಊದುಬತ್ತಿ ಘಟಕಗಳಲ್ಲಿ ಕಾಲು ಭಾಗದಷ್ಟು ಬಾಗಿಲು ಹಾಕಿದವು. 2020ರ ಹೊತ್ತಿಗೆ ದೇಶಕ್ಕೆ ದಿನವೊಂದಕ್ಕೆ 1,490 ಟನ್ ಊದುಬತ್ತಿ ಬೇಕಿತ್ತು, ಇಲ್ಲಿ ತಯಾರಾಗುತ್ತಿದ್ದದ್ದು 760 ಟನ್.

ಘಟಕ ಮುಚ್ಚಿದರೆ ಲೆಕ್ಕ ಸಿಗುತ್ತದೆ. ಮಣೆ ಮುಚ್ಚಿದ್ದಕ್ಕೆ ಲೆಕ್ಕ ಸಿಗುವುದಿಲ್ಲ. ಆಕೆಗೆ ನೋಟಿಸು ಬರಲಿಲ್ಲ, ಪರಿಹಾರದ ಮಾತು ಬರಲಿಲ್ಲ. ‘ಈ ವಾರ ಮಾಲು ಬಂದಿಲ್ಲಮ್ಮ’ ಎಂದು ಗುತ್ತಿಗೆದಾರ ಹೇಳಿದ, ಮುಂದಿನ ವಾರವೂ ಅದನ್ನೇ ಹೇಳಿದ. ಮೂರನೇ ವಾರ ಬರುವುದನ್ನೇ ಬಿಟ್ಟ. ಕೆಲಸ ಹೋಯಿತು ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಕೆಲಸ ಇತ್ತು ಎನ್ನುವುದಕ್ಕೇ ಆಕೆಯ ಹತ್ತಿರ ಒಂದು ಚೀಟಿಯಿಲ್ಲ.

ಆ ಕಂಟೇನರಿನ ಇನ್ನೊಂದು ತುದಿಯಲ್ಲಿರುವವರೂ ಇಂಥವರೇ. ವಿಯೆಟ್ನಾಂ ರಾಜಧಾನಿ ಹನೋಯಿಯ ಹೊರವಲಯದಲ್ಲಿ ಕ್ವಾಂಗ್ ಫು ಕಾವ್ ಎಂಬ ಹಳ್ಳಿಯಿದೆ. ಬಿದಿರು ಕಡ್ಡಿಗೆ ಕೆಂಪು ಬಣ್ಣ ಬಳಿದು, ಅಂಗಳದ ತುಂಬ ಹೂವಿನ ಹಾಗೆ ಬಿಡಿಸಿ ಒಣಗಿಸುವ ಅಲ್ಲಿನ ಚಿತ್ರಗಳನ್ನು ಪ್ರವಾಸಿಗರು ಪ್ರಪಂಚಕ್ಕೆಲ್ಲ ಹಂಚಿದ್ದಾರೆ. ಅಲ್ಲಿಯೂ ಬಿಸಿಲನ್ನು ನಂಬಿ ಕೂತವರು ಹೆಂಗಸರು. ಕ್ವಾಂಗ್ ಫು ಕಾವ್‌ನ ಹೆಣ್ಣುಮಗಳು ಮೈಸೂರಿನ ಹೆಣ್ಣುಮಗಳ ಅನ್ನ ಕಸಿದಳು ಎನ್ನುವುದು ಸುಲಭವಾದ ಮಾತು, ಆದರೆ ಸುಳ್ಳು. ಇಬ್ಬರಲ್ಲಿ ಯಾರ ಕೈ ಅಗ್ಗ ಎಂದು ನೋಡಿ ಕೊಳ್ಳುವ ವ್ಯಾಪಾರವೊಂದು ಇಬ್ಬರ ನಡುವೆ ನಡೆಯಿತು. ಆ ವ್ಯಾಪಾರದ ಮೇಜಿನಲ್ಲಿ ಇಬ್ಬರಿಗೂ ಕುರ್ಚಿ ಇರಲಿಲ್ಲ.

ಕೊನೆಗೆ ದಿಲ್ಲಿ ಎಚ್ಚೆತ್ತಿತು. 2019ರ ಆಗಸ್ಟ್ 31ರಂದು ಊದುಬತ್ತಿ ಆಮದನ್ನು ‘ಮುಕ್ತ’ ಪಟ್ಟಿಯಿಂದ ‘ನಿರ್ಬಂಧಿತ’ ಪಟ್ಟಿಗೆ ಸರಿಸಲಾಯಿತು. 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಮೇಲಿನ ಸುಂಕ ಶೇ 10ರಿಂದ ಶೇ 25ಕ್ಕೆ ಏರಿತು. ಇದು ಸರಿಯಾದ ತೀರ್ಮಾನ. ಮನೆಮನೆಯಲ್ಲಿ ಕೈಕೆಲಸವಾಗಿ ಉಳಿದಿರುವ ಉದ್ಯಮವನ್ನು ಸುಂಕದ ತಡೆಯಿಲ್ಲದೆ ಹೊಳೆಗೆ ನೂಕುವುದು ಯಾವ ಅರ್ಥಶಾಸ್ತ್ರವೂ ಅಲ್ಲ. ಆದರೆ ಆ ಎರಡೂ ಆದೇಶಗಳಲ್ಲಿ ಕೂಲಿಯ ಬಗ್ಗೆ ಒಂದು ಸಾಲು ಇರಲಿಲ್ಲ. ತಡೆಗೋಡೆಯ ನೆರಳು ಯಾರ ಅಂಗಳಕ್ಕೆ ಎಷ್ಟು ಬೀಳಬೇಕು ಎಂದು ಯಾರೂ ಕೇಳಲಿಲ್ಲ. ಉದ್ಯಮ ಉಳಿದರೆ ಕೂಲಿ ತಾನಾಗಿ ಏರುತ್ತದೆ ಎಂದು ನಂಬಿ ಕೈತೊಳೆದುಕೊಂಡಂತಾಯಿತು.

ಅದರ ಬೆನ್ನಿಗೇ ಯಂತ್ರವೂ ಬಂತು. 2020ರಲ್ಲಿ ಖಾದಿ ಆಯೋಗ ಸ್ವಯಂಚಾಲಿತ ಬತ್ತಿ ಯಂತ್ರಗಳನ್ನು ಹಂಚುವ ಯೋಜನೆ ಹಾಕಿಕೊಂಡಿತು. ಅದರ ಗಣಿತ ಹೀಗಿತ್ತು: ಒಂದು ಯಂತ್ರ ದಿನಕ್ಕೆ 80 ಕಿಲೋ ಬತ್ತಿ ಮಾಡುತ್ತದೆ, ಕಿಲೋಗೆ 15 ರೂಪಾಯಿ ಕೂಲಿ, ನಾಲ್ವರಿಗೆ ತಲಾ 300. ಮಣೆಯ ಮುಂದೆ ಕೂತವರಿಗೆ ಹೋಲಿಸಿದರೆ ಈ 300 ಹೆಚ್ಚೇ, ಅಲ್ಲಗಳೆಯುವಂತಿಲ್ಲ. ಯಂತ್ರ ಬೇಡ ಎನ್ನುವುದೂ ಸಲ್ಲದು. ಬೆನ್ನು ಬಗ್ಗಿಸಿ ಮೂವತ್ತು ವರ್ಷ ಕೂತವರಿಗೆ ಆ ಮಣೆಯ ಮೇಲೆ ಮೋಹವೇನಿಲ್ಲ. ಆದರೆ ಯಂತ್ರದ ಹತ್ತಿರ ನಿಲ್ಲುವ ನಾಲ್ವರಲ್ಲಿ ಮೊನ್ನೆಯವರೆಗೆ ಹೊಸೆದವರು ಎಷ್ಟು ಜನ? ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೂ ಎಳೆಗೂಸನ್ನೂ ಬಿಟ್ಟು ಶೆಡ್ಡಿಗೆ ಹೋಗಬಲ್ಲವರು ಎಷ್ಟು ಜನ? ಹೋಗಲಾರದವರಿಗೆ ಯಂತ್ರದಿಂದ ಸಿಕ್ಕಿದ್ದು ಇಳಿದ ದರ.

ಈಗ ಅದೇ ಓಣಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಬೇಕು. ಪಕ್ಕದ ಮನೆಯ ಜಗುಲಿಯಲ್ಲಿ ಇನ್ನೊಬ್ಬ ಹೆಂಗಸು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾಳೆ. ಆಕೆಗೂ ಗುತ್ತಿಗೆದಾರನೇ ಎಲೆ, ತಂಬಾಕು, ದಾರ ಕೊಡುತ್ತಾನೆ. ಆಕೆಯ ಲೆಕ್ಕವೂ ಸಾವಿರಕ್ಕೇ. ಕೂರುವ ಭಂಗಿ ಒಂದೇ, ಬೆನ್ನುನೋವು ಒಂದೇ, ಮನೆಯ ಬಾಡಿಗೆಯೂ ಒಂದೇ ಇರಬಹುದು. ಕಾನೂನಿನ ಕಣ್ಣಿಗೆ ಮಾತ್ರ ಇಬ್ಬರೂ ಬೇರೆ. ಬೀಡಿ ಕಟ್ಟುವವಳು 1966ರಿಂದ ಕಾರ್ಮಿಕಳು.

ಆ ವರ್ಷ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ತಂದಿತು. ಮನೆಯಲ್ಲಿ ಕೂತು ಬೀಡಿ ಕಟ್ಟುವವರೂ ಕಾರ್ಮಿಕರೇ, ನಡುವೆ ಗುತ್ತಿಗೆದಾರ ಇದ್ದರೂ ಮೂಲ ಮಾಲೀಕ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ ಎನ್ನುವುದು ಅದರ ತಿರುಳು. ಮಾಲೀಕರು ಸುಮ್ಮನಿರಲಿಲ್ಲ. ಈ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದವರಲ್ಲಿ ಮೈಸೂರಿನ ವಿನೋಬಾ ರಸ್ತೆಯ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಕೂಡ ಒಂದು. ಇಂದಿಗೂ ಕಾನೂನು ವಿದ್ಯಾರ್ಥಿಗಳು ಆ ತೀರ್ಪನ್ನು ಆ ಸಂಸ್ಥೆಯ ಹೆಸರಿನಿಂದಲೇ ಓದುತ್ತಾರೆ. 1974ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಅನ್ವಯಿಸುತ್ತದೆ ಎಂದು ಅದೇ ನ್ಯಾಯಾಲಯ ಹೇಳಿತು. 1976ರಲ್ಲಿ ಕಲ್ಯಾಣ ನಿಧಿ ಬಂತು. ತಯಾರಾದ ಬೀಡಿಯ ಮೇಲೆ ಸೆಸ್ ಹಾಕಿ ಆ ನಿಧಿ ತುಂಬಿಸಲಾಯಿತು. ಕೊನೆಗೆ ಆ ಸೆಸ್ ಸಾವಿರ ಬೀಡಿಗೆ 5 ರೂಪಾಯಿ ಇತ್ತು. ಗುರುತಿನ ಚೀಟಿ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು, ಮೈಸೂರಿನಲ್ಲೇ ಬೀಡಿ ಕಾರ್ಮಿಕರ ಆಸ್ಪತ್ರೆ, ಎಲ್ಲವೂ ಆ ಕಾಸಿನಿಂದ.

ಬೀಡಿ ಕಾರ್ಮಿಕರ ಬದುಕು ಹಸನಾಯಿತು ಎಂದು ಯಾರೂ ಹೇಳಲಾರರು. ತಂಬಾಕಿನ ಧೂಳು ಎದೆಗಿಳಿಯುವುದು ತಪ್ಪಲಿಲ್ಲ. ಪಿಎಫ್ ಹಣ ಬಿಡಿಸಿಕೊಳ್ಳಲು ಆಧಾರ್‌ನಲ್ಲಿ ಒಂದು ಹೆಸರು, ಪುಸ್ತಕದಲ್ಲಿ ಇನ್ನೊಂದು ಎಂದು ಅಲೆದಾಡುವುದೂ ತಪ್ಪಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ಸೇ ರದ್ದಾಯಿತು. ಬೀಡಿಯಿಂದ ನೇರವಾಗಿ ನಿಧಿಗೆ ಹರಿಯುತ್ತಿದ್ದ ಕಾಲುವೆ ಮುಚ್ಚಿ, ಬಜೆಟ್ಟಿನ ಕೃಪೆಗೆ ಕಾಯುವಂತಾಯಿತು. ಇಷ್ಟಾದರೂ ನಲವತ್ತು ವರ್ಷ ಆ ಪದ್ಧತಿ ನಡೆಯಿತು. ಬೀಡಿ ಉದ್ಯಮ ಮುಳುಗಲಿಲ್ಲ. ಮನೆಯಲ್ಲಿ ಕೂತು, ತುಂಡು ಲೆಕ್ಕದಲ್ಲಿ ದುಡಿಯುವವಳಿಗೆ ಭದ್ರತೆ ಕೊಡುವುದು ಆಗದ ಹೋಗದ ಕೆಲಸ ಎನ್ನುವವರಿಗೆ ಈ ಒಂದು ಓಣಿ ಸಾಕು ಉತ್ತರಕ್ಕೆ.

ಹೆಸರು ಪುಸ್ತಕದಲ್ಲಿದ್ದರೆ ಏನಾಗುತ್ತದೆ ಎನ್ನುವುದನ್ನು ಮೈಸೂರಿನಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಶ್ರೀರಂಗಪಟ್ಟಣದ ಹೆಂಗಸರು 2020ರಲ್ಲಿ ತೋರಿಸಿಕೊಟ್ಟರು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಗಾರ್ಮೆಂಟ್ ಕಾರ್ಖಾನೆ ಅಲ್ಲಿತ್ತು. ಹೊಲಿಗೆಯಾಗುತ್ತಿದ್ದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಬ್ರ್ಯಾಂಡಿನ ಬಟ್ಟೆ. ಕೋವಿಡ್ ಕಾಲದ ಆ ಜೂನ್‌ನಲ್ಲಿ ಆರ್ಡರ್ ಇಲ್ಲ ಎಂದು ಯಂತ್ರಗಳನ್ನು ಸಾಗಿಸಲು ಶುರುವಾಯಿತು. 1,200ಕ್ಕೂ ಹೆಚ್ಚು ಕಾರ್ಮಿಕರಿಗೆ ಲೇ-ಆಫ್. ಅವರಲ್ಲಿ ಬಹುಪಾಲು ಮಂಡ್ಯ ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳು. ಅವರು ಗೇಟಿನ ಮುಂದೆ ಕೂತರು. ಮಳೆಗೆ ಟಾರ್ಪಾಲು ಕಟ್ಟಿಕೊಂಡು ಒಂದೂವರೆ ತಿಂಗಳು ಮೀರಿ ಧರಣಿ ನಡೆಸಿದರು. ಅವರ ಸಂಘಟನೆ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ವಿಷಯವನ್ನು ಜಾಗತಿಕ ಕಾರ್ಮಿಕ ಒಕ್ಕೂಟ ಇಂಡಸ್ಟ್ರಿಆಲ್‌ವರೆಗೆ ಮುಟ್ಟಿಸಿತು. ಬಟ್ಟೆಯ ಕಾಲರಿನ ಮೇಲಿದ್ದ ಹೆಸರೇ ಅವರ ಕೈಗೆ ಹಿಡಿಯಾಯಿತು. ಇಂಥ ಬ್ರ್ಯಾಂಡಿಗೆ ಬಟ್ಟೆ ಹೊಲಿದವರು ಬೀದಿಯಲ್ಲಿದ್ದಾರೆ ಎಂಬ ಮಾತು ಯುರೋಪಿನ ಪತ್ರಿಕೆಗಳಿಗೂ ಹೋಯಿತು. 2021ರ ಆರಂಭದಲ್ಲಿ ಒಪ್ಪಂದವಾಯಿತು. ಸಂಸ್ಥೆಯ ಬೇರೆ ಘಟಕಗಳಲ್ಲಿ, ಮೈಸೂರಿನದೂ ಸೇರಿದಂತೆ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಆಡಳಿತ ಒಪ್ಪಿತು. ಅಷ್ಟರಲ್ಲಿ ಎಷ್ಟೋ ಜನ ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಿಯಾಗಿತ್ತು, ನಿಜ. ಪೂರ್ಣ ಗೆಲುವಲ್ಲ. ಆದರೂ ಗೇಟು ಇತ್ತು, ಹಾಜರಿ ಇತ್ತು, ಕೇಳುವ ಬಾಯಿ ಇತ್ತು, ಉತ್ತರ ಕೊಡಬೇಕಾದವರು ಯಾರೆಂದು ಗೊತ್ತಿತ್ತು. ಊದಿನಕಡ್ಡಿ ಹೊಸೆಯುವವಳು ಯಾವ ಗೇಟಿನ ಮುಂದೆ ಕೂರಬೇಕು?

ಗೇಟಿದ್ದ ಮಾತ್ರಕ್ಕೆ ಎಲ್ಲ ಸಿಗುವುದಿಲ್ಲ ಎನ್ನುವುದೂ ಮೈಸೂರಿಗೆ ಗೊತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸವಿದ್ದರೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡದಿದ್ದ ಕಾಲವಿತ್ತು. 1960ರ ದಶಕದ ಆರಂಭದಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ, ಜಾವಾ, ಯೆಜ್ಡಿ ಬೈಕುಗಳನ್ನು ದೇಶಕ್ಕೆಲ್ಲ ಕಳಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಬಾಕಿಗಾಗಿ ಕಾರ್ಮಿಕರು ವರ್ಷಗಟ್ಟಲೆ ಕಾದರು. ಈಚೆಗೆ ಯೆಜ್ಡಿ ಹೆಸರಿನಲ್ಲಿ ಹೊಸ ಬೈಕುಗಳು ರಸ್ತೆಗಿಳಿದಿವೆ. ಆ ಹೆಸರು ಯಾರ ಸ್ವತ್ತು ಎಂದು ಹೈಕೋರ್ಟಿನಲ್ಲಿ ದೊಡ್ಡ ವ್ಯಾಜ್ಯವೇ ನಡೆಯಿತು. ಮೇಟಗಳ್ಳಿಯ ಫಾಲ್ಕನ್ ಟೈರ್ಸ್ ಕೂಡ ಕಳೆದ ದಶಕದಲ್ಲಿ ಅದೇ ಹಾದಿ ಹಿಡಿಯಿತು. ಕಂಪನಿಯ ಜೊತೆಗೇ ಕಟ್ಟಿಹಾಕಿದ ಭದ್ರತೆ ಕಂಪನಿಯ ಜೊತೆಗೇ ಮುಳುಗುತ್ತದೆ. ಹಾಗಾಗಿ ಕಡ್ಡಿ ಹೊಸೆಯುವವಳಿಗೆ ಬೇಕಾಗಿರುವುದು ಹಳೆಯ ಕಾರ್ಖಾನೆಯ ನೌಕರಿಯ ನಕಲಲ್ಲ. ಗುತ್ತಿಗೆದಾರ ಬದಲಾದರೂ, ಕಂಪನಿ ಮುಚ್ಚಿದರೂ, ಮುಂದಿನ ವರ್ಷ ಆಕೆಯೇ ಬತ್ತಿ ಬಿಟ್ಟು ಹಪ್ಪಳ ಲಟ್ಟಿಸಲು ಹೋದರೂ ಆಕೆಯ ಹಿಂದೆಯೇ ಬರುವ ಖಾತೆ ಬೇಕು.

ಇಂಥದ್ದೊಂದನ್ನು ಕರ್ನಾಟಕ ಈಗಾಗಲೇ ಮಾಡಿದೆ, ಮನೆ ಬಾಗಿಲಿಗೆ ಊಟ ತರುವ ಹುಡುಗರಿಗಾಗಿ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಅದೇ ವರ್ಷ ಕಾಯ್ದೆಯಾದ ಗಿಗ್ ಕಾರ್ಮಿಕರ ಕಾನೂನಿನಂತೆ, ಆ್ಯಪ್ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಹುಡುಗ ಇವತ್ತು ಒಂದು ಆ್ಯಪಿಗೆ, ನಾಳೆ ಇನ್ನೊಂದಕ್ಕೆ ಓಡಿಸಿದರೂ ನಿಧಿ ಒಂದೇ, ಮಂಡಳಿ ಒಂದೇ. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಮಿಕರಿಗಾಗಿ 2024ರಲ್ಲಿ ಟಿಕೆಟ್ ಮೇಲೆ ಶೇ 1ರಿಂದ 2ರ ಸೆಸ್‌ಗೆ ದಾರಿ ಮಾಡಲಾಯಿತು. ನೆರೆಯ ಮಹಾರಾಷ್ಟ್ರದಲ್ಲಿ ಹತ್ತು ಮಾಲೀಕರ ಹತ್ತಿರ ಮೂಟೆ ಹೊರುವ ಹಮಾಲಿಗಳಿಗೆ 1969ರಲ್ಲೇ ಮಾಥಾಡಿ ಕಾಯ್ದೆ ಬಂದು, ಕೂಲಿಯ ಜೊತೆ ಲೆವಿ ಕಟ್ಟಿಸಿಕೊಳ್ಳುವ ಮಂಡಳಿಗಳಾದವು. ಡೆಲಿವರಿ ಹುಡುಗನ ಸ್ಕೂಟರಿಗೆ ಹೊಂದುವ ಕಾನೂನು ಆತನ ತಾಯಿಯ ಮಣೆಗೆ ಹೊಂದುವುದಿಲ್ಲವೇ?

ಲೆಕ್ಕ ಹಾಕಿ ನೋಡಬಹುದು. ಸಾವಿರ ಕಡ್ಡಿಗೆ ಕೂಲಿ 40 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದರ ಶೇ 5 ಎಂದರೆ 2 ರೂಪಾಯಿ. ಪೊಟ್ಟಣಕ್ಕೆ 20 ಕಡ್ಡಿಯಂತೆ ಸಾವಿರ ಕಡ್ಡಿಯಲ್ಲಿ 50 ಪೊಟ್ಟಣ. ಒಂದು ಪೊಟ್ಟಣದ ಮೇಲೆ ಬೀಳುವ ಹೊರೆ 4 ಪೈಸೆ. ದೇವರ ಮುಂದೆ ಕಡ್ಡಿ ಹಚ್ಚುವ ಯಾರೂ ಆ 4 ಪೈಸೆಯನ್ನು ಗಮನಿಸುವುದಿಲ್ಲ. ದಿನಕ್ಕೆ ನಾಲ್ಕು ಸಾವಿರದಂತೆ ತಿಂಗಳಿಗೆ 25 ದಿನ ಹೊಸೆಯುವವಳ ಖಾತೆಗೆ ಮಾತ್ರ ತಿಂಗಳಿಗೆ 200 ರೂಪಾಯಿ ಸೇರುತ್ತದೆ. ಸರ್ಕಾರ ಅದಕ್ಕೆ ಅಷ್ಟೇ ಸೇರಿಸಿದರೆ ವರ್ಷಕ್ಕೆ 4,800. ದೊಡ್ಡ ಮೊತ್ತವೇನಲ್ಲ. ಆಸ್ಪತ್ರೆಯ ಚೀಟಿಗೆ ಓಲೆ ಅಡವಿಡುವ ಮನೆಯಲ್ಲಿ ಚಿಕ್ಕ ಮೊತ್ತವೂ ಅಲ್ಲ. ಶುಲ್ಕವನ್ನು ಸರಕಿನ ಮೇಲೆ ಹಾಕದೆ ಕೂಲಿಯ ಮೇಲೆ ಹಾಕಿದರೆ ಜಿಎಸ್‌ಟಿಯ ತೊಡಕೂ ಅಡ್ಡ ಬರಬೇಕಿಲ್ಲ. ಗಿಗ್ ಕಾಯ್ದೆ ಹಿಡಿದಿರುವ ದಾರಿಯೂ ಅದೇ.

ಹೀಗೆ ಹೊರೆ ಹೇರಿದರೆ ಉದ್ಯಮ ಬಿಹಾರಕ್ಕೋ ವಿಯೆಟ್ನಾಂಗೋ ಹೋಗುತ್ತದೆ ಎಂಬ ಆತಂಕವನ್ನು ಸುಮ್ಮನೆ ತಳ್ಳಿಹಾಕಬಾರದು. ಸಣ್ಣ ತಯಾರಕರ ಲಾಭದ ಅಂಚು ನಿಜಕ್ಕೂ ತೆಳು. ಆದರೆ ಈ ಉದ್ಯಮಕ್ಕೆ ಈಗ ಆಮದು ನಿರ್ಬಂಧದ ರಕ್ಷಣೆಯಿದೆ. ದೇಶದ ಗ್ರಾಹಕರೆಲ್ಲ ಸೇರಿ ಬೆಲೆ ತೆತ್ತು ಕಟ್ಟಿಕೊಟ್ಟ ರಕ್ಷಣೆ ಅದು. ಅದನ್ನು ಪಡೆಯುವವರು ಕೂಲಿಕಾರರ ಪಟ್ಟಿ ಕೊಡಬೇಕು, ಶುಲ್ಕ ಕಟ್ಟಬೇಕು ಎಂಬ ಷರತ್ತು ಕೇಂದ್ರದಿಂದಲೇ ಬಂದರೆ ಒಂದು ರಾಜ್ಯ ಇನ್ನೊಂದರ ಹೊಟ್ಟೆಯ ಮೇಲೆ ಹೊಡೆಯುವ ಪ್ರಶ್ನೆ ಏಳುವುದಿಲ್ಲ. ಅಲ್ಲಿಯವರೆಗೆ ಕರ್ನಾಟಕ ಕಾಯಬೇಕಾಗಿಯೂ ಇಲ್ಲ. ಗಿಗ್ ಕಾಯ್ದೆಗೆ ಯಾರ ದಾರಿಯನ್ನೂ ಕಾಯಲಿಲ್ಲ.

ಕಾಗದದ ಮೇಲೆ ಆಕೆ ಪೂರ್ತಿ ಕಾಣದವಳೇನೂ ಅಲ್ಲ. ರಾಜ್ಯದ ಕನಿಷ್ಠ ವೇತನದ ಪಟ್ಟಿಯಲ್ಲಿ ಊದುಬತ್ತಿ ಉದ್ಯಮ ಇದೆ, ಸಾವಿರಕ್ಕಿಷ್ಟು ಎಂದು ದರವೂ ಗೊತ್ತುಮಾಡಲಾಗಿದೆ. ಆ ದರ ಮನೆಬಾಗಿಲಲ್ಲಿ ಸಿಗುತ್ತಿದೆಯೇ ಎಂದು ನೋಡುವವರಿಲ್ಲ. 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ಪೋರ್ಟಲ್‌ನಲ್ಲಿ 30 ಕೋಟಿಗೂ ಮಿಕ್ಕಿ ಅಸಂಘಟಿತ ಕಾರ್ಮಿಕರು ನೋಂದಾಯಿಸಿಕೊಂಡಿದ್ದಾರೆ; ಅರ್ಧಕ್ಕಿಂತ ಹೆಚ್ಚು ಹೆಂಗಸರು. ಕಾರ್ಡು ಬಂತು, ಕಾರ್ಡಿನ ಹಿಂದೆ ದುಡ್ಡು ಬರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ‘ಮನೆ ಆಧಾರಿತ ಕಾರ್ಮಿಕ’ ಎಂಬ ಮಾತಿಗೆ ವ್ಯಾಖ್ಯೆಯಿದೆ. ಆ್ಯಪ್ ಕಂಪನಿಗಳು ವಹಿವಾಟಿನ ಶೇ 1-2ರಷ್ಟು ಕೊಡಬೇಕು ಎಂದು ಅದೇ ಸಂಹಿತೆ ಹೇಳುತ್ತದೆ. ಮನೆಯಲ್ಲಿ ದುಡಿಯುವವಳಿಗೆ ಕೆಲಸ ಕೊಡುವವರು ಎಷ್ಟು ಕೊಡಬೇಕು ಎನ್ನುವಲ್ಲಿ ಸುಮ್ಮನಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗೃಹ ಆಧಾರಿತ ದುಡಿಮೆಯ ಬಗ್ಗೆ 177ನೇ ಒಡಂಬಡಿಕೆ ಮಾಡಿದ್ದು 1996ರಲ್ಲಿ. ಅದಕ್ಕಾಗಿ ಜಿನೀವಾದಲ್ಲಿ ಗಟ್ಟಿಯಾಗಿ ನಿಂತವರು ಇಳಾ ಭಟ್ ಮತ್ತು ಅವರು ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘಟನೆ. ಬೀಡಿ, ಊದುಬತ್ತಿಯ ಹೆಂಗಸರೂ ಅದರ ಬಲ. ಭಾರತದ ಹೆಂಗಸರು ಹೋರಾಡಿ ಪಡೆದ ಆ ಒಡಂಬಡಿಕೆಗೆ ಭಾರತ ಇನ್ನೂ ಅನುಮೋದನೆ ಕೊಟ್ಟಿಲ್ಲ.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ಇದೇ ಮೈಸೂರಿನಲ್ಲಿ. ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೆ. ಈ ಓಣಿಗಳಲ್ಲಿ ಆ ಹಣ ಎಷ್ಟು ದೊಡ್ಡ ಆಸರೆ ಎನ್ನುವುದು ಕಂತು ತಡವಾದ ತಿಂಗಳಲ್ಲಿ ಬ್ಯಾಂಕಿನ ಮುಂದೆ ನಿಂತರೆ ತಿಳಿಯುತ್ತದೆ. ಸರ್ಕಾರ ಆಕೆಯನ್ನು ಮನೆಯ ಯಜಮಾನಿ ಎಂದು ಗುರುತಿಸಿತು, ಒಳ್ಳೆಯದಾಯಿತು. ಆದರೆ ಯೋಜನೆ ಸರ್ಕಾರದ ಜೊತೆ ಬರುತ್ತದೆ, ಸರ್ಕಾರದ ಜೊತೆ ಹೋಗಲೂಬಹುದು. ದುಡಿಮೆಗೆ ಪ್ರತಿಯಾಗಿ ಬಂದದ್ದನ್ನು ಕೇಳುವ ದನಿಯೇ ಬೇರೆ. ಯಜಮಾನಿ ಎಂದು ಗುರುತಿಸಲು ರೇಷನ್ ಕಾರ್ಡು ಸಾಕಾಯಿತು. ಕಾರ್ಮಿಕಳು ಎಂದು ಗುರುತಿಸಲು ಯಾವ ದಾಖಲೆ ಬೇಕು?

ದಾಖಲೆ ಇದೆ. ಪರಿಮಳ ಸೇರಿಸುವ ಕಂಪನಿಯ ಲೆಕ್ಕಪುಸ್ತಕದಲ್ಲಿ ಯಾವ ಗುತ್ತಿಗೆದಾರನಿಂದ ಎಷ್ಟು ಕಚ್ಚಾ ಬತ್ತಿ ಬಂತು ಎಂದು ಬರೆದಿರುತ್ತದೆ. ಇಲ್ಲದಿದ್ದರೆ ಜಿಎಸ್‌ಟಿಯ ಲೆಕ್ಕ ಕೂಡುವುದಿಲ್ಲ. ಗುತ್ತಿಗೆದಾರನ ಬೈಕಿನ ಡಿಕ್ಕಿಯಲ್ಲಿ ಉದ್ದನೆಯ ನೋಟ್‌ಬುಕ್ ಇರುತ್ತದೆ. ಅದರಲ್ಲಿ ಮನೆಮನೆಯ ಹೆಸರು, ಕೊಟ್ಟ ಕಡ್ಡಿಯ ತೂಕ, ಬಂದ ಸಾವಿರಗಳು, ಕೊಟ್ಟ ಮುಂಗಡ, ಹಿಡಿದುಕೊಂಡ ಕಾಸು, ಎಲ್ಲ ಪೆನ್ನಿನ ಗೀಟಿನಲ್ಲಿ ಇರುತ್ತದೆ. ಆ ಎರಡು ಪುಸ್ತಕಗಳನ್ನು ಕಾರ್ಮಿಕ ಇಲಾಖೆಯ ಒಂದೇ ಮೇಜಿನ ಮೇಲೆ ಬಿಡಿಸಿಟ್ಟರೆ ಮೈಸೂರಿನ ಊದುಬತ್ತಿ ಕಾರ್ಮಿಕರ ಪಟ್ಟಿಗೆ ಬೇರೆ ಸಮೀಕ್ಷೆಯೇ ಬೇಡ. ಶ್ರಾವಣ ಹತ್ತಿರವಾದಂತೆ ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ ಎಂದು ಸಾಲುಸಾಲಾಗಿ ಆರ್ಡರ್ ಬೀಳುತ್ತವೆ. ಆಗ ನೋಟ್‌ಬುಕ್ಕಿನಲ್ಲಿ ಒಂದು ಹೆಸರೂ ಬಿಟ್ಟುಹೋಗಿರುವುದಿಲ್ಲ. ಪಟ್ಟಿ ಮಾಡುವ ಕೆಲಸ ಶುರುವಾಗಬೇಕಾದದ್ದು ಆ ತಿಂಗಳಲ್ಲಿ.